ಮೂರನೆಯ ಕಾಲುಂಗುರ

ಹಾಸನದ ಆಸ್ಪತ್ರೆಯಲ್ಲಿ ನನ್ನ ಬಲಮೊಣಕಾಲಿನ ಕೀಲು ಬದಲಿಸಿ, ನೋವು ತಿಳಿಯದಿರಲೆಂದು ತೊಡೆಯ ನರಗಳಿಗೆ ಇಂಜೆಕ್ಷನ್ ಕೊಟ್ಟಿದ್ದರು. ನರ್ಸ್ ಪಾದಕ್ಕೆ ಐಸ್ ಒತ್ತಿದರೂ ತಣ್ಣಗೆನಿಸಲಿಲ್ಲ.

ಮಟಮಟ ಮಧ್ಯಾಹ್ನ ಅದೇ ಪಾದದ ಬೆರಳಿಗೆ ಯಾರೋ ತಣ್ಣನೆಯ ಕಾಲುಂಗುರ ತೊಡಿಸಿದರು. ಮುತ್ತೈದೆಯ ಬೆರಳು ಬರಿದಾಗಿರಬಾರದೆಂದು ಮಗಳು ಭವ್ಯಶ್ರೀಯೇ ಮಾಡಿದ ಕೆಲಸ ಅಂದುಕೊಂಡೆ.

"ಈಗ್ಲೇ ಯಾಕವ್ವ ಆಕ್ದೆ?"

ಕಿಟಕಿಯ ಬಳಿಯಿದ್ದ ಅವಳು ಪರ್ಸ್ ತೆರೆದು ತೋರಿಸಿದಳು. "ನಾನ್ ಮುಟ್ಟೇ ಇಲ್ಲ ಕಣಮ್ಮ. ಆಪರೇಷನ್‌ಗೆ ಬಿಚ್ಚಿದ್ ಎರಡೂ ಇಲ್ಲೇ ಅವೆ."

ಹೊದಿಕೆ ಸರಿಸಿದರೆ ಬೆರಳಲ್ಲಿ ಸವೆದ ಬೆಳ್ಳಿಯುಂಗುರವಿತ್ತು. ಬಿಚ್ಚಲೆಂದು ಮಗಳು ಕೈಯಿಟ್ಟಳು. ಊಟ ತರುತ್ತಿದ್ದ ನನ್ನ ಯಜಮಾನರು ಬಾಗಿಲಲ್ಲೇ ಎದೆ ಹಿಡಿದುಕೊಂಡರು. ಅವಳು ಕೈ ತೆಗೆದೊಡನೆ ಸುಧಾರಿಸಿಕೊಂಡರು. ಉಂಗುರವನ್ನು ಹಾಗೇ ಬಿಟ್ಟೆವು.

ಆರು ತಿಂಗಳಾಯಿತು. ಆ ಬೆರಳಿಗೆ ಸೂಜಿ ಚುಚ್ಚಿದರೂ ಇವತ್ತಿಗೂ ತಿಳಿಯುವುದಿಲ್ಲ. ದಿನಾ ಮಧ್ಯಾಹ್ನ ಯಾರೋ ಉಂಗುರ ತಿರುಗಿಸುವುದು ಮಾತ್ರ ತಿಳಿಯುತ್ತದೆ.