ಶನಿವಾರದ ಮೀನಿನ ತಲೆಗಳು

ಬಾಣ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ನೀರಿಗಿಳಿಯಿತು. ಸದ್ದೇನೂ ದೊಡ್ಡದಲ್ಲ; ಯಾರೋ ಪಕ್ಕದಲ್ಲೇ ನಿಂತು ತುಟಿ ಚಪ್ಪರಿಸಿದಷ್ಟು. ಬಾಣಕ್ಕೆ ಕಟ್ಟಿದ ಹಸಿರು ದಾರ ಗಾಳಿಯಲ್ಲಿ ನಡುಗುತ್ತಾ ಬಂದು ನನ್ನ ತೋಳಿನ ಮೇಲೆ ಬಿತ್ತು.

ಮೇ ತಿಂಗಳ ಮೊದಲ ಶನಿವಾರ, ಬೆಳಗಿನ ಹತ್ತು ಗಂಟೆ. ಹಿಮ ಕರಗಿ ಸ್ಕೋಗನ್ ಕೆರೆ ಉಕ್ಕಿತ್ತು. ದಂಡೆಯ ಹುಲ್ಲುಗಾವಲು ಮೊಣಕಾಲುದ್ದ ನೀರಿನಲ್ಲಿ ಮುಳುಗಿತ್ತು. ಮೊಟ್ಟೆಯಿಡಲು ಬಫಲೋ ಎಂಬ ದೊಡ್ಡ ಮೀನುಗಳು ಅಲ್ಲಿಗೇ ಬರುತ್ತವೆ. ಅವನ್ನು ಬಲೆಯಲ್ಲಿ ಹಿಡಿದು, ಬೆನ್ನಿಗೆ ಹಳದಿ ಗುರುತುಪಟ್ಟಿ ಚುಚ್ಚಿ ಮತ್ತೆ ನೀರಿಗೆ ಬಿಡುವುದು ನನ್ನ ಕೆಲಸ. ಅವುಗಳಿಗೆ ಬಾಣ ಹೊಡೆಯುವುದು ಊರಿನ ಅರ್ಧ ಜನರ ವಾರಾಂತ್ಯದ ಖುಷಿ.

ಜೊಂಡಿನಾಚೆ ದೋಣಿಯೊಂದಿತ್ತು. ಅದರ ಅಟ್ಟದ ಮೇಲೆ ನಿಂತಿದ್ದವನು ಬಿಲ್ಲು ಬಿಸಾಕಿ ಬಟ್ಟೆಸಮೇತ ನೀರಿಗೆ ಹಾರಿದ.

"ತಗಲ್ತಾ? ಎಲ್ಲಿ ತಗಲ್ತು? ಮಾತಾಡ್ರೀ!"

"ತಗಲಿಲ್ಲ."

"ಕಾಲು ತೋರ್ಸಿ."

"ಕಾಲು ನೀರಲ್ಲಿದೆ."

"ಇದೆ ತಾನೆ? ಎರಡೂ?"

"ಎರಡೂ ಇವೆ. ನಿಮಗೆ ಕಣ್ಣಿಲ್ವೇನ್ರೀ?"

"ಜೊಂಡಿನ ಬಣ್ಣದ ಕೋಟು ಹಾಕ್ಕೊಂಡು ಜೊಂಡಲ್ಲೇ ನಿಂತ್ರೆ ದೇವರಿಗೂ ಕಾಣಲ್ಲ!" ಎಂದು ಬೈದ. ಬೈಯುವವನ ತುಟಿ ನೀಲಿಗಟ್ಟಿತ್ತು. ನನಗಿಂತ ಅವನೇ ಹೆಚ್ಚು ನಡುಗುತ್ತಿದ್ದ.

ದಾರದ ತುದಿಯಲ್ಲಿ ಮೀನು ಸಿಕ್ಕಿತ್ತು. ಐದು ನಿಮಿಷದ ಹಿಂದೆ ನಾನೇ ಚುಚ್ಚಿದ ಹಳದಿ ಪಟ್ಟಿ ಅದರ ಬೆನ್ನ ಮೇಲಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

"ನಿಮ್ದಾ?"

"ಯಾರದೂ ಅಲ್ಲ. ತಲೆ ಮಾತ್ರ ನನಗೆ ಕೊಡಿ. ವಯಸ್ಸು ನೋಡ್ಬೇಕು."

ಹೀಗೆ ವೆಂಡೆಲ್ ಬ್ರಾಟೆನ್ ನನಗೆ ಸಿಕ್ಕ. ಧಾನ್ಯದ ಗೋದಾಮಿನಲ್ಲಿ ಯಂತ್ರ ರಿಪೇರಿ ಮಾಡುವವನು, ಮೂವತ್ನಾಲ್ಕು ವರ್ಷದವನು, ಊರಿನ ಬಿಲ್ಲುಗಾರರ ಸಂಘದ ಅಧ್ಯಕ್ಷನ ಅಣ್ಣನ ಮಗ.

ಮುಂದಿನ ಶನಿವಾರ ಅವನ ಟ್ರಕ್ ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯದ ಮುಂದೆ ನಿಂತಿತು. ಐಸ್ ಪೆಟ್ಟಿಗೆಯಲ್ಲಿ ಐದು ತಲೆಗಳು, ಒಂದೊಂದೂ ಬ್ರೆಡ್ಡಿನ ಖಾಲಿ ಚೀಲದಲ್ಲಿ. ಪ್ರತಿ ಚೀಲದ ಮೇಲೆ ತಾರೀಖು, ಜಾಗ, ಮೀನಿನ ಉದ್ದ. ನನ್ನ ವಿದ್ಯಾರ್ಥಿಗಳೂ ಅಷ್ಟು ಅಚ್ಚುಕಟ್ಟಾಗಿ ಬರೆಯುವುದಿಲ್ಲ.

"ಒಂದು ಸಾಕಾಗಿತ್ತು," ಎಂದೆ.

"ಕಾಲಿಗೆ ಗುರಿಯಿಟ್ಟ ತಪ್ಪಿಗೆ ದಂಡ, ಡಾಕ್ಟ್ರೇ. ಕಂತಿನಲ್ಲಿ ಕಟ್ತೀನಿ."

ತಲೆ ಬಾಚಿದ್ದ. ಮೀನಿನ ವಾಸನೆ ಹೋಗಲೆಂದು ಪುದೀನದ ಸಾಬೂನಿನಲ್ಲಿ ಕೈ ತೊಳೆದಿದ್ದ. ಮೀನು, ಪುದೀನ ಎರಡೂ ಬರುತ್ತಿದ್ದವು. ಮಾತಾಡುವಾಗ ನನ್ನ ಮುಖ ಬಿಟ್ಟು ಗೋಡೆಯ ಮೇಲಿನ ಮೀನಿನ ಚಿತ್ರಪಟ ನೋಡುತ್ತಿದ್ದ. ನಾನು ತಿರುಗಿದ ಕೂಡಲೇ ನನ್ನನ್ನು ನೋಡುತ್ತಿದ್ದ. ಗಾಜಿನ ಬೀರುವಿನಲ್ಲಿ ಅದು ನನಗೆ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಬೇಕೆಂದೇ ಬೀರುವಿನ ಕಡೆಗೆ ತಿರುಗುತ್ತಿದ್ದೆ.

ಮೀನಿನ ತಲೆಯೊಳಗೆ ಕಿವಿಯ ಹತ್ತಿರ ಒಂದು ಪುಟ್ಟ ಕಲ್ಲಿರುತ್ತದೆ. ಮರದ ಕಾಂಡದ ಹಾಗೆ ಅದಕ್ಕೂ ವರ್ಷಕ್ಕೊಂದು ಉಂಗುರ. ಕಲ್ಲನ್ನು ಕಾಗದದಷ್ಟು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉಂಗುರ ಎಣಿಸಬಹುದು. ನಿಧಾನದ ಕೆಲಸ. ಒಂದು ಕಲ್ಲಿಗೆ ಅರ್ಧ ದಿನ ಬೇಕು.

ಮೂರನೆಯ ಶನಿವಾರದ ಹೊತ್ತಿಗೆ ಹನ್ನೆರಡು ತಲೆಗಳು ಬಂದಿದ್ದವು. ಮುಂದಿನ ಶುಕ್ರವಾರದೊಳಗೆ ಹನ್ನೆರಡನೆಯ ಕಲ್ಲನ್ನೂ ಎಣಿಸಿ ಮುಗಿಸಿದೆ. ಎಲ್ಲಕ್ಕಿಂತ ಚಿಕ್ಕ ಮೀನಿಗೆ ಎಂಬತ್ತೊಂದು ವರ್ಷ. ಹಿರಿದಕ್ಕೆ ನೂರ ಎಂಟು. ಮತ್ತೆ ಎಣಿಸಿದೆ. ಮೂರನೆಯ ಸಲವೂ ಎಣಿಸಿದೆ.

ಮುದಿ ಮೀನು ಇದ್ದದ್ದಕ್ಕೆ ಹೆದರಲಿಲ್ಲ. ಎಳೆಯದು ಒಂದೂ ಇರಲಿಲ್ಲ, ಅದಕ್ಕೆ ಹೆದರಿದೆ. ಎಂಬತ್ತು ವರ್ಷಗಳಿಂದ ಈ ಕೆರೆಯಲ್ಲಿ ಮೊಟ್ಟೆಯೊಡೆದ ಮರಿಗಳು ಬದುಕುಳಿದೇ ಇಲ್ಲ; ಯಾಕೆಂದು ಇನ್ನೂ ತಿಳಿಯದು. ಇದ್ದವರು ಈ ಮುದುಕ ಮುದುಕಿಯರು ಮಾತ್ರ. ಪ್ರತಿ ವಸಂತದಲ್ಲೂ ಹುಲ್ಲುಗಾವಲಿಗೆ ಬಂದು, ಮೊಟ್ಟೆಯಿಟ್ಟು, ಮರಿಯಿಲ್ಲದೆ ಹಿಂತಿರುಗುತ್ತಿದ್ದರು. ಊರಿನವರು ಇವನ್ನು ಕಸದ ಮೀನು ಎನ್ನುತ್ತಿದ್ದರು. ಕೊಂದು ಜೋಳದ ಹೊಲಕ್ಕೆ ಗೊಬ್ಬರವಾಗಿ ಸುರಿಯುತ್ತಿದ್ದರು.

ನಾಲ್ಕನೆಯ ಶನಿವಾರ ವೆಂಡೆಲ್ ಕೇಳಿದ: "ನನ್ನ ಮೀನಿಗೆ ಎಷ್ಟು ವಯಸ್ಸು, ಡಾಕ್ಟ್ರೇ?"

"ಇನ್ನೂ ಎಣಿಸಿಲ್ಲ," ಎಂದೆ.

ಇನ್ನೊಬ್ಬ ತಜ್ಞರೂ ಎಣಿಸಿ ನೋಡುವವರೆಗೆ ಸಂಖ್ಯೆ ಹೊರಗೆ ಹೇಳಬಾರದೆಂಬ ನಿಯಮ ನಮ್ಮಲ್ಲಿದೆ. ಒಳ್ಳೆಯ ನಿಯಮ. ನಾನು ಅದರ ಹಿಂದೆ ಅವಿತುಕೊಂಡೆ. ಹೇಳಿದರೆ ಅವನು ಬಿಲ್ಲು ಕೆಳಗಿಡುತ್ತಾನೆ. ಬಿಲ್ಲು ಕೆಳಗಿಟ್ಟರೆ ಶನಿವಾರ ಬರುವುದಿಲ್ಲ. ಇಷ್ಟು ಸಣ್ಣ ಲೆಕ್ಕ ನನ್ನ ಎಲ್ಲ ಓದಿನ ಮೇಲೆ ಕೂತಿತು.

ಜೂನ್ ಬಂತು. ಅವನು ಸೋದರತ್ತೆ ಮಾಡಿದ ಸಿಹಿ ತರುತ್ತಿದ್ದ, ನಾನು ಕಾಫಿ ಮಾಡುತ್ತಿದ್ದೆ. 'ಡಾಕ್ಟ್ರೇ' ಹೋಗಿ 'ಬ್ರಿಟಾ' ಆಯಿತು, 'ನೀವು' ಹೋಗಿ 'ನೀನು' ಆಯಿತು.

"ನಿನ್ನ ಕಾಫಿ ಕೆರೆ ನೀರಿನ ಹಾಗಿದೆ."

"ಹಾಗಾದ್ರೆ ಕುಡೀಬೇಡ."

"ಕೆರೆ ಅಂದ್ರೆ ನನಗೆ ಇಷ್ಟ ಅಂತ ಗೊತ್ತಿಲ್ವಾ?"

ನಗುತ್ತಿದ್ದೆ. ಅವನು ಹೊರಟ ಮೇಲೆ ಪೆಟ್ಟಿಗೆ ತೆರೆಯುತ್ತಿದ್ದೆ. ಮೂರು ತಲೆ, ನಾಲ್ಕು ತಲೆ. ಸತ್ತ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಶನಿವಾರ ಅವನ ಟ್ರಕ್ಕಿನ ಸದ್ದು ಕೇಳಿದರೆ ಎದೆ ಹಾರುತ್ತಿತ್ತು. ಅದು ಆಸೆಯೋ ಭಯವೋ, ಬೇರ್ಪಡಿಸಲಾಗುತ್ತಿರಲಿಲ್ಲ.

ಜುಲೈನಲ್ಲಿ ನೋಟಿಸು ಅಂಟಿಸಿದರು. ಬಿಲ್ಲಿನ ಬೇಟೆಗೆ ಮಿತಿ ಹಾಕಬೇಕೇ ಬೇಡವೇ ಎಂದು ಚರ್ಚಿಸಲು ಚರ್ಚಿನ ನೆಲಮಾಳಿಗೆಯಲ್ಲಿ ಊರಿನ ಸಭೆ. ಇನ್ನೊಬ್ಬರ ಎಣಿಕೆಯೂ ಮುಗಿದಿತ್ತು; ಮೀನುಗಳ ವಯಸ್ಸು ಓದಿ ಹೇಳಬೇಕಾದವಳು ನಾನು. ವೆಂಡೆಲ್ ಅದನ್ನು ಎಲ್ಲರೆದುರು ಮೊದಲ ಬಾರಿ ಕೇಳಬಾರದು. ಸಭೆಯ ಹಿಂದಿನ ದಿನ ಅವನನ್ನು ಕರೆಸಿದೆ.

"ಎಣಿಸ್ತೀಯಾ?" ಎಂದು ಕೇಳಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. "ಅಂಚಿನಿಂದ ಒಳಗೆ ಹೋಗು. ಅಂಚು ಈ ವರ್ಷದ್ದು."

ಅವನು ಬಾಗಿದ. ಬಿಸಿಲಿಗೆ ಕೆಂಪಾದ ಕುತ್ತಿಗೆ, ಗಾಜಿಗೆ ತಾಗುವಷ್ಟು ಉದ್ದದ ರೆಪ್ಪೆ. ನಾನು ಪಕ್ಕದಲ್ಲಿ ನಿಂತು ಅವನ ತುಟಿಯನ್ನೇ ನೋಡುತ್ತಿದ್ದೆ.

"ಮೂವತ್ನಾಲ್ಕು. ನಾನು ಹುಟ್ಟಿದ ವರ್ಷ!" ನಕ್ಕ. ಎಣಿಸುತ್ತಾ ಹೋದ. ಅರವತ್ತರ ನಂತರ ನಗು ನಿಂತಿತು. ತೊಂಬತ್ತರ ನಂತರ ಬೆರಳು ಮಾತ್ರ ಮೇಜಿನ ಮೇಲೆ ಬಡಿಯುತ್ತಿತ್ತು. ನೂರ ಎಂಟಕ್ಕೆ ಬೆರಳು ನಿಂತಿತು.

"ಇದು ಒಂದೇ ಹೀಗಾ?"

"ಎಲ್ಲಾ ಹೀಗೆ. ನಲವತ್ತೊಂದೂ. ಎಂಬತ್ತಕ್ಕಿಂತ ಚಿಕ್ಕದು ಇಲ್ಲವೇ ಇಲ್ಲ. ಮರಿಗಳೇ ಬದುಕ್ತಿಲ್ಲ, ವೆಂಡೆಲ್."

"ನಿನಗೆ ಯಾವಾಗ ಗೊತ್ತಾಯ್ತು?"

ಈ ಪ್ರಶ್ನೆಗೆ ನಾನು ಎರಡು ತಿಂಗಳು ಹೆದರಿದ್ದೆ. "ಮೂರನೇ ಶನಿವಾರ ಕಳೆದ ವಾರ."

ಅವನು ಲೆಕ್ಕ ಹಾಕಿದ. "ಆಮೇಲೆ ಇಪ್ಪತ್ತೊಂಬತ್ತು ತಂದೆ. ನೀನು ಪ್ರತಿ ಸಲ ಕಾಫಿ ಕೊಟ್ಟೆ."

"ಹೇಳಿದ್ರೆ ನೀನು ಬರಲ್ಲ ಅಂದ್ಕೊಂಡೆ."

ಅವನು ಎದ್ದ. "ಆ ಮೊದಲ ದಿನದಿಂದ ಬಿಲ್ಲು ಎಳೆದಾಗಲೆಲ್ಲ ನೀರಲ್ಲಿ ನಿನ್ನ ಕಾಲು ಕಾಣುತ್ತೆ. ಮೇ ತಿಂಗಳಲ್ಲೇ ಬಿಡ್ಬೇಕು ಅಂತಿದ್ದೆ."

"ಮತ್ತೆ ಯಾಕೆ ಹೋದೆ?"

"ಬರಿಗೈಲಿ ಬಂದ್ರೆ ನೀನು ಬಾಗಿಲು ತೆಗೀತಿದ್ಯಾ?"

ಉತ್ತರ ಕೇಳಲು ನಿಲ್ಲಲಿಲ್ಲ. ಟ್ರಕ್ಕಿನ ಸದ್ದು ದೂರವಾಗುವವರೆಗೂ ನಾನು ಮೇಜು ಹಿಡಿದುಕೊಂಡೇ ನಿಂತಿದ್ದೆ.

ಮರುದಿನ ಸಂಜೆ ನೆಲಮಾಳಿಗೆ ತುಂಬಿತ್ತು. ವೆಂಡೆಲ್ ಕೊನೆಯ ಸಾಲಿನಲ್ಲಿದ್ದ, ನನ್ನ ಕಡೆ ನೋಡಲಿಲ್ಲ. ಅವನ ಚಿಕ್ಕಪ್ಪ, ಸಂಘದ ಅಧ್ಯಕ್ಷ ಆರ್ವಿಲ್, ಮೊದಲ ಸಾಲಿನಿಂದಲೇ ಶುರು ಮಾಡಿದ.

"ಏನಮ್ಮಾ, ಕಸದ ಮೀನಿಗೆ ಹುಟ್ಟುಹಬ್ಬ ಮಾಡ್ತೀಯಂತೆ. ಕೇಕ್ ಎಲ್ಲಿ?"

ಜನ ನಕ್ಕರು. ಹಾಳೆಯನ್ನು ಮೇಜಿನ ಮೇಲಿಟ್ಟು ಓದಿದೆ. ನಲವತ್ತೊಂದು ಸಂಖ್ಯೆಗಳು. ಇಪ್ಪತ್ತರ ಹೊತ್ತಿಗೆ ನಗು ನಿಂತಿತ್ತು.

ಆರ್ವಿಲ್ ಮಾತ್ರ ಬಿಡಲಿಲ್ಲ. "ತಲೆ ಕೊಟ್ಟವರು ನಮ್ಮ ಹುಡುಗರೇ ತಾನೆ? ಅಷ್ಟು ಮರುಕ ಇದ್ದೋಳು ಅವರಿಗೆ ಮೊದಲೇ ಯಾಕೆ ಹೇಳ್ಲಿಲ್ಲ?"

ನಿಯಮದ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು, ವೆಂಡೆಲ್ ಒಬ್ಬನನ್ನು ಬಿಟ್ಟು.

"ಗೊತ್ತಿದ್ದೂ ಹೇಳ್ಲಿಲ್ಲ," ಎಂದೆ. "ತರುವವರು ಬರೋದು ನಿಲ್ಲಿಸಿಬಿಡ್ತಾರೆ ಅಂತ ಹೆದರಿದೆ. ಅದರಿಂದ ಇಪ್ಪತ್ತೊಂಬತ್ತು ಮೀನು ಸತ್ತಿವೆ. ತಪ್ಪು ನನ್ನದು."

"ಕೇಳಿದ್ರಾ? ಇವಳ ಮಾತಿಗೆ ನಾವು ಬಿಲ್ಲು ಬಿಡ್ಬೇಕಂತೆ!"

"ಬಾಣ ಹೊಡೆದದ್ದು ನಾನು, ಚಿಕ್ಕಪ್ಪ." ಹಿಂದಿನಿಂದ ವೆಂಡೆಲ್‌ನ ದನಿ. ಎದ್ದು ನಿಂತಿದ್ದ. "ಅವಳು ಸುಳ್ಳು ಹೇಳಿರ್ಬಹುದು, ಕಲ್ಲು ಹೇಳಲ್ಲ. ನಾನೇ ಕೂತು ಎಣಿಸಿದ್ದೀನಿ. ಆ ಮೀನು ಹುಟ್ಟಿದಾಗ ನಿನ್ನ ಅಪ್ಪನೂ ಹುಟ್ಟಿರ್ಲಿಲ್ಲ."

ಸಭೆ ಏನನ್ನೂ ತೀರ್ಮಾನಿಸಲಿಲ್ಲ, ಚಳಿಗಾಲಕ್ಕೆ ಮುಂದೂಡಿದರು. ಹೊರಗೆ ಬಂದಾಗ ವೆಂಡೆಲ್‌ನ ಟ್ರಕ್ ಹೋಗಿಯಾಗಿತ್ತು.

ಮೂರು ಶನಿವಾರ ಅವನು ಬರಲಿಲ್ಲ. ನಾನು ಪ್ರಯೋಗಾಲಯದಲ್ಲಿ ಕೂತು ರಸ್ತೆಗೆ ಕಿವಿಗೊಡುತ್ತಿದ್ದೆ. ಬರದಿದ್ದರೆ ನ್ಯಾಯವೇ ಎಂದುಕೊಳ್ಳುತ್ತಿದ್ದೆ. ನ್ಯಾಯದಿಂದ ಸಮಾಧಾನವೇನೂ ಆಗಲಿಲ್ಲ.

ನಾಲ್ಕನೆಯ ಶನಿವಾರ ನಾನು ಹೋಗದೆ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಜಾಲರಿ ಬಾಗಿಲಿನಾಚೆ ಅವನು ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಚಿಲಕದ ಮೇಲೆ ನನ್ನ ಕೈ ಹೋಯಿತು, ತೆರೆಯಲು ಮಾತ್ರ ಆಗಲಿಲ್ಲ.

"ಬಿಲ್ಲು ಮಾರಿಬಿಟ್ಟೆ," ಎಂದ. "ಚಿಕ್ಕಪ್ಪ ಮಾತು ಬಿಟ್ಟಿದ್ದಾನೆ."

"ಊಟ ಆಯ್ತಾ?" ಎಂದು ಕೇಳಿದೆ.

"ಇಲ್ಲ." ಆಮೇಲೆ ಬೇಗಬೇಗ ಹೇಳಿದ, ನಿಧಾನಿಸಿದರೆ ಧೈರ್ಯ ಹೋಗಿಬಿಡುವುದೇನೋ ಎಂಬಂತೆ. "ಬ್ರಿಟಾ, ನಿನ್ನ ಮೇಲೆ ಇನ್ನೂ ಸಿಟ್ಟಿದೆ. ನಿನ್ನ ನೋಡದೆ ಇರೋಕೂ ಆಗ್ತಿಲ್ಲ. ಆ ಮೀನುಗಳನ್ನ ಮರೆಯೋಕೂ ಆಗಲ್ಲ. ಇವನ್ನೆಲ್ಲ ಒಟ್ಟಿಗೆ ಇಟ್ಕೊಂಡು ಬದುಕೋದು ಹೇಗೆ ಅಂತ ಗೊತ್ತಿಲ್ಲ. ಭಯ ಆಗುತ್ತೆ."

"ನನಗೂ ಗೊತ್ತಿಲ್ಲ," ಎಂದೆ. "ನನಗೂ ಭಯ. ಆದ್ರೆ ನೀನು ಅಂದ್ರೆ ನನಗೆ ಪ್ರಾಣ, ವೆಂಡೆಲ್. ಅದನ್ನೂ ಬಚ್ಚಿಟ್ಟಿದ್ದೆ."

ಚಿಲಕ ತೆಗೆದೆ. ಅವನು ಹೊಸಿಲಲ್ಲಿ ಒಂದು ಕ್ಷಣ ನಿಂತ, ಆಮೇಲೆ ಬೂಟು ಬಿಚ್ಚಿ ಗೋಡೆಗೆ ಒರಗಿಸಿಟ್ಟು ಒಳಗೆ ಬಂದ.