ಮಿಣುಕನ ಎರಡು ಧ್ವನಿ

“ನಾನು ಮಿಣುಕ! ಕತ್ತಲೆಗೇ ನನ್ನ ಕಂಡ್ರೆ ಭಯ!”

ಗುಂಡ ಬೆಂಚಿನ ಮೇಲೆ ನಿಂತು, ಗಂಟಲು ಬಿಗಿಹಿಡಿದು ಕರಕರ ಕೂಗಿದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

“ಮೊನ್ನೆ ಎಪಿಸೋಡ್‌ನಲ್ಲಿ ಥೇಟ್ ಹೀಗೇ ಇತ್ತು. ಕಪ್ಪೆ ನುಂಗಿದ ಹಾಗೆ!” ಎಂದ.

ಚಿನಕುರಳಿ ಮಾತ್ರ ನಗಲಿಲ್ಲ. ಪಟಪಟ ಮಾತಾಡುತ್ತಾಳೆಂದು ಮನೆಯಲ್ಲಿ ಇಟ್ಟ ಹೆಸರು ಅದು. ಶಾಲೆಯಲ್ಲೂ ಅದೇ ಉಳಿದಿತ್ತು. ಇವತ್ತು ಅವಳ ಬಾಯಿಗೆ ಬೀಗ ಬಿದ್ದಿತ್ತು.

ಮಿಣುಕ ಎಂದರೆ ಮೈಯಲ್ಲೇ ಬೆಳಕಿರುವ ಹುಡುಗ. ಮಕ್ಕಳೆಲ್ಲರ ಕಾರ್ಟೂನ್ ಹೀರೋ. ಅವನ ಧ್ವನಿ ಚಿನಕುರಳಿಯ ಅತ್ತೆಯದು. ಅದನ್ನು ಹೇಳಿಕೊಂಡೇ ಅವಳು ಕ್ಲಾಸಿನಲ್ಲಿ ರಾಣಿಯ ಹಾಗೆ ಮೆರೆದಿದ್ದಳು. ಆದರೆ ಈ ಕೊನೇ ಸೀಸನ್ ಯಾಕೋ ಎಡವಟ್ಟಾಗಿತ್ತು. ಒಂದು ವಾರ ಕತೆ ಸೂಪರ್, ಇನ್ನೊಂದು ವಾರ ಸಪ್ಪೆ. ಧ್ವನಿಯೂ ಅಷ್ಟೇ. ಒಮ್ಮೆ ಗಂಟೆ ಬಾರಿಸಿದಂತೆ, ಒಮ್ಮೆ ಒಡಕು ಮಡಕೆಯಂತೆ.

“ಎರಡು ಧ್ವನಿ ಇದೆ ಕಣೇ. ನಿಮ್ಮತ್ತೇದು ಯಾವ್ದು?” ಗುಂಡ ಕೇಳಿದ.

“ಚೆನ್ನಾಗಿರೋದು,” ಎಂದುಬಿಟ್ಟಳು ಚಿನಕುರಳಿ. “ಆ ಕಪ್ಪೆ ಯಾರೋ ಹೊಸಬರು.”

ಅದು ಶುದ್ಧ ಸುಳ್ಳು. ಅತ್ತೆಯ ಗಂಟಲಿಗೆ ಆಪರೇಷನ್ ಆಗಿತ್ತು. ಅವರು ಆಸ್ಪತ್ರೆಗೆ ಹೋಗಬೇಕಾದಾಗಲೆಲ್ಲ ಬೇರೊಬ್ಬರು ಮಿಣುಕನಾಗಿ ಮಾತಾಡಿದ್ದರು. ಆ ಗಂಟೆಯಂಥ ಧ್ವನಿ ಅವರದು. ಆಪರೇಷನ್ ಆದ ಮೇಲಿನ ಒಡಕು ಧ್ವನಿಯೇ ಅತ್ತೆಯದು.

ಶನಿವಾರ ಕೊನೇ ಎಪಿಸೋಡ್ ನೋಡಲು ಗುಂಡ ಮತ್ತು ಅವನ ಗೆಳೆಯ ಲಂಬು ಅವಳ ಮನೆಗೇ ಬಂದರು. ಬೇಡ ಅನ್ನಲು ಅವಳಿಗೆ ನೆಪ ಸಿಗಲಿಲ್ಲ. ಅತ್ತೆ ಕತ್ತಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು, ಬಿಸಿನೀರಿನ ಲೋಟ ಹಿಡಿದು ಸೋಫಾದ ಮೂಲೆಯಲ್ಲಿ ಕೂತಿದ್ದರು. ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು.

ಗುಂಡ ಸುಮ್ಮನಿರುತ್ತಾನೆಯೇ?

“ಆಂಟಿ, ಆ ಚೆನ್ನಾಗಿರೋ ಧ್ವನಿ ನಿಮ್ದೇ ಅಂತೆ. ಇವತ್ತೂ ನೀವೇನಾ? ಇಲ್ಲ, ಮತ್ತೆ ಆ ಕಪ್ಪೆನಾ?”

ಚಿನಕುರಳಿ ಗುಂಡನ ತೋಳು ಹಿಡಿದು ಜಗ್ಗಿದಳು.

ಅತ್ತೆ ಗುಂಡನನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಬೈಯಲಿಲ್ಲ. ಸಣ್ಣಗೆ ನಕ್ಕು, ‘ಹೌದು, ನಂದೇ’ ಎನ್ನುವಂತೆ ತಲೆಯಾಡಿಸಹೊರಟರು.

ಅವಳ ಮಾನ ಉಳಿಸಲು ಅತ್ತೆ ಸುಳ್ಳಿಗೆ ತಲೆಯಾಡಿಸುತ್ತಿದ್ದಾರೆ! ಚಿನಕುರಳಿಗೆ ತಡೆಯಲಾಗಲಿಲ್ಲ.

“ಇಲ್ಲ ಕಣೋ! ಕಪ್ಪೆ ಅಂದ್ಯಲ್ಲ, ಅದೇ ನಮ್ಮತ್ತೆ. ಆಪರೇಷನ್ ಆಗಿತ್ತು. ನಾನು ಸುಳ್ಳು ಹೇಳಿದ್ದೆ.”

ಗುಂಡನ ಮುಖ ಕೆಂಪಾಯಿತು. ಲಂಬು ತನ್ನ ಕಾಲ್ಬೆರಳು ನೋಡುತ್ತ ಕೂತ. ಅಷ್ಟರಲ್ಲಿ ಟೀವಿಯಲ್ಲಿ ಮಿಣುಕ ಹಾರಿ ಬಂದ. ಎಲ್ಲರೂ ಬದುಕಿದೆವು ಎಂಬಂತೆ ಅತ್ತ ತಿರುಗಿದರು.

ಕತೆ ಓಡಿತು, ಬರೀ ಓಡಿತು. ಇಡೀ ಊರನ್ನೇ ಕತ್ತಲು ಮಾಡಿದ್ದ ರಾಕ್ಷಸ ಕಾಲು ಜಾರಿ ಬಾವಿಗೆ ಬಿದ್ದು ಮಾಯವಾದ.

“ಇಷ್ಟೇನಾ?” ಎಂದ ಲಂಬು.

ಕೊನೆಗೆ ಮಿಣುಕನ ಬೆಳಕು ಆರಿತು. ಅವನು ಮಾಮೂಲಿ ಹುಡುಗನಾಗಿ ಮೆಟ್ಟಿಲ ಮೇಲೆ ಕೂತ. “ನಾನು ಹೊರಟೆ. ಇನ್ಮೇಲೆ ದೀಪ ನೀವೇ ಹಚ್ಕೊಳ್ಳಿ,” ಎಂದ. ‘ಹೊರಟೆ’ ಎನ್ನುವಾಗ ಧ್ವನಿ ಸೀಳಿತು. ಯಾರೂ ನಗಲಿಲ್ಲ.

“ಆಂಟಿ, ಮಾತಾಡುವಾಗ ನೋವಾಗ್ತಿತ್ತಾ?” ಗುಂಡ ಮೆಲ್ಲಗೆ ಕೇಳಿದ.

ಅತ್ತೆ ಎರಡು ಬೆರಳನ್ನು ಹತ್ತಿರ ತಂದು ತೋರಿಸಿದರು. ಇಷ್ಟೇ ಇಷ್ಟು.

ಗೆಳೆಯರು ಹೋದ ಮೇಲೆ ಚಿನಕುರಳಿ ಅತ್ತೆಯ ಪಕ್ಕ ಮುದುರಿ ಕೂತಳು.

“ಅತ್ತೆ, ಆ ಇನ್ನೊಬ್ಬರೇ ಚೆನ್ನಾಗಿ ಮಾಡ್ತಿದ್ರಲ್ಲ. ಕೊನೇದೂ ಅವರಿಗೇ ಬಿಡಬಹುದಿತ್ತಲ್ವಾ?”

ಅತ್ತೆ ಒಂದು ಗುಟುಕು ನೀರು ಕುಡಿದು, ಪಿಸುದನಿಯಲ್ಲಿ ಹೇಳಿದರು: “ಇಷ್ಟು ವರ್ಷ ಸಾಕಿದ ಹುಡುಗ ಕಣೇ. ಊರಿಗೆ ಹೊರಟ ಅಂದ್ರೆ, ಬಸ್ ಹತ್ತಿಸೋಕೆ ನಾನೇ ಹೋಗಬೇಡ್ವಾ?”

ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಅತ್ತೆ ಕೈಚಾಚುವ ಮೊದಲೇ ಅವಳು ಎತ್ತಿಕೊಂಡಳು.

“ಹಲೋ, ಸ್ಟುಡಿಯೋದವ್ರಾ? ಅತ್ತೆ ಈಗ ಮಾತಾಡೋ ಹಾಗಿಲ್ಲ. ನಾನು ಅವರ ಅಣ್ಣನ ಮಗಳು. ಏನಿದ್ರೂ ನಂಗೇ ಹೇಳಿ... ಹೇಗಿತ್ತಾ? ಕತೆ ಸ್ವಲ್ಪ ಬೋರು ಸಾರ್. ಆ ರಾಕ್ಷಸ ಸುಮ್ನೆ ಜಾರಿ ಬಿದ್ದಿದ್ದು ಚೆನ್ನಾಗಿಲ್ಲ.”

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ ನಗುತ್ತಿದ್ದರು.

“ಧ್ವನಿನಾ?” ಚಿನಕುರಳಿ ಬೆನ್ನು ನೆಟ್ಟಗೆ ಮಾಡಿಕೊಂಡಳು. “ಅದು ನಮ್ಮತ್ತೇದು ಸಾರ್.”