ಸೂರ್ಯನ ಕೆಳಗಿನ ಖಾಲಿ ಜಾಗ

ಇರ್ಮಾ ಕಲ್ಲಿನ ಮೇಲೆ ಕೆಂಪು ಮಣ್ಣು ಅರೆಯುತ್ತಿದ್ದಳು. ಕಳ್ಳಿಯ ಅಂಟು ಸೇರಿಸಿ ಮತ್ತೆ ಅರೆದಳು. ಕೈ ಸೋತಿತ್ತು. ಕಣ್ಣು ಮಾತ್ರ ಗೋಡೆಗೆ ಒರಗಿಸಿದ್ದ ಉದ್ದನೆಯ ಹಲಗೆಯ ಮೇಲಿತ್ತು.

ನಾಳೆ ಬಸಿಲಿಯಾ ಅತ್ತೆಯ ಹೊಸ ಮನೆಗೆ ಚಾವಣಿ ಹೊದಿಸುತ್ತಾರೆ. ಬೆಟ್ಟದ ಮೇಲಿನ ಸಾರ್ವಾ ಊರಿನಲ್ಲಿ ಚಾವಣಿಯ ಹಿಂದಿನ ದಿನವೇ ಹಲಗೆ ಮನೆಗೆ ಬರಬೇಕು. ಅದರಲ್ಲಿ ಆ ಮನೆಯ ನೆಂಟರೆಲ್ಲರ ಚಿತ್ರ ಇರಬೇಕು. ಅತ್ತೆಯ ಮಗುವಿಗೆ ಜ್ಞಾನಸ್ನಾನದಲ್ಲಿ ಹೊಣೆ ನಿಂತ ಜ್ಞಾನತಂದೆ ತಿಯೋಫಿಲೋ ಅದನ್ನು ಮಾಡಿಸಿದ್ದ. ಚಿತ್ರ ಬರೆಯುತ್ತಿದ್ದವರು ಇರ್ಮಾಳ ತಾತ ಮೆಲ್ಚೋರ್. ತಾತನ ತಾತನೂ ಇದನ್ನೇ ಮಾಡುತ್ತಿದ್ದರಂತೆ.

ಹಲಗೆಯ ಬುಡದಲ್ಲಿ ಮಾತೆ ಮರಿಯಮ್ಮ. ಮೇಲೆ ಅತ್ತೆ, ಮಾವ. ಆಮೇಲೆ ತಾತ, ಅಜ್ಜಿ, ಇರ್ಮಾಳ ಅಪ್ಪ, ಅಮ್ಮ. ತುದಿಯಲ್ಲಿ ಸೂರ್ಯ. ಸೂರ್ಯನ ಕೆಳಗೆ ಒಂದು ಜಾಗ ಬರೀ ಬಿಳಿ.

"ತಾತ, ಅಲ್ಲಿ ದೆಮೆತ್ರಿಯೋ ಚಿಕ್ಕಪ್ಪ ಅಲ್ವಾ ಬರೋದು?"

"ಅಲ್ಲಿ ಹೂವು ಬರುತ್ತೆ. ನೀನು ಅರೆ."

ತಾತನ ಕಿರಿಯ ಮಗನಾದ ಚಿಕ್ಕಪ್ಪನೂ ಅವರ ಹತ್ತಿರವೇ ಕಲಿತವನು. ಇರ್ಮಾ ಅಂಬೆಗಾಲಿಡುವಾಗಲೇ ರಾಜಧಾನಿ ಲೀಮಾಕ್ಕೆ ಹೋಗಿ, ಅಂಗೈಯಗಲದ ಹಲಗೆಗಳಲ್ಲಿ ಚಿತ್ರ ಬರೆದು ಪ್ರವಾಸಿಗಳಿಗೆ ಮಾರತೊಡಗಿದ್ದ. ಮನೆಯವರನ್ನೇ ತುಂಡು ಮಾಡಿ ಮಾರುತ್ತಾನೆ ಎಂದು ತಾತ ಸಿಡುಕಿದ್ದರು. ಆಮೇಲೆ ಅವನ ಹೆಸರೆತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಅಜ್ಜಿ ಅತ್ತೂ ಕರೆದೂ ಮಾಡಿದ್ದಕ್ಕೆ, ಒಮ್ಮೆ ಬಂದು ಹೋಗು ಎಂದು ತಾತ ಇರ್ಮಾಳ ಕೈಯಲ್ಲಿ ಒಂದು ಕಾಗದ ಬರೆಸಿದ್ದರು. ಅದು ಇನ್ನೂ ಗೋಡೆಯ ಮರಿಯಮ್ಮನ ಪಟದ ಹಿಂದೆಯೇ ಇತ್ತು. ಕೇಳಿದಾಗಲೆಲ್ಲ ನಾಳೆ ಎನ್ನುವರು.

ನಾಳೆ ಊರವರು ಹಲಗೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ. ಹಲಗೆಯಲ್ಲಿ ಇಲ್ಲದವನು ಮನೆಯವನಲ್ಲ. ಸೂರಿನಡಿ ಕಟ್ಟಿದ ಮೇಲೆ ಅದನ್ನು ಯಾರೂ ಇಳಿಸುವುದಿಲ್ಲ. ತಮ್ಮನ ಹೆಸರು ಬಾರದಿದ್ದರೆ ಅತ್ತೆ ಎಲ್ಲರ ಮುಂದೆ ಹೇಗೆ ನಿಲ್ಲುತ್ತಾಳೆ?

ಹೂವಿಗೆ ಹಳದಿ ಮಣ್ಣು ಬೇಕೆಂದು ತಾತ ಹಿತ್ತಲಿಗೆ ಹೋದರು.

ಇರ್ಮಾ ತಾತ ಚಿತ್ರ ಬರೆಯುವ ಕೋಳಿಗರಿ ಎತ್ತಿಕೊಂಡಳು. ಬಿಳಿ ಜಾಗದಲ್ಲಿ ಮೊದಲು ಟೋಪಿ, ಆಮೇಲೆ ಮುಖ, ಹೆಗಲ ಮೇಲೆ ಹೊದೆಯುವ ಕೆಂಪು ಪೋಂಚೋ. ಬಲಗೈಯಲ್ಲೊಂದು ಗರಿ. ದೂರದಲ್ಲಿ ಡೋಲು ಕೇಳಿಸಿತು. ಹಲಗೆ ಹೊರಲು ಜನ ಬರುತ್ತಿದ್ದರು.

"ಯಾರು ಹೇಳಿದ್ದು ನಿಂಗೆ?"

ಬಾಗಿಲಲ್ಲಿ ತಾತ. ಇರ್ಮಾಳ ಕೈಯಿಂದ ಗರಿ ಜಾರಿತು.

ತಾತ ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆಯ ಹತ್ತಿರ ಹೋದರು. ಡೋಲು ಓಣಿಗೆ ತಿರುಗಿತು. ಒರೆಸುವ ಸದ್ದು. ಇರ್ಮಾ ಕಣ್ಣು ಮುಚ್ಚಿಕೊಂಡಳು.

ತೆರೆದಾಗ ಹಲಗೆಯ ಮೇಲೆ ಚಿಕ್ಕಪ್ಪ ಅಲ್ಲೇ ನಿಂತಿದ್ದ. ಗರಿ ಹಿಡಿದ ಕೈ ಮಾತ್ರ ಅಳಿಸಿತ್ತು.

"ಇವನು ಎಡಚ," ಎಂದರು ತಾತ. "ಎಷ್ಟು ಬೈದರೂ ಗರಿನ ಎಡಗೈಲೇ ಹಿಡೀತಿದ್ದ." ಒಂದೇ ಎಳೆತದಲ್ಲಿ ಎಡಗೈ ಬರೆದರು. ಆ ಕೈಗೆ ಗರಿ ಕೊಟ್ಟರು.

ತಿಯೋಫಿಲೋ ಒಳಗೆ ಬಂದವನೇ ಮೂಗು ಅರಳಿಸಿದ. "ಏನ್ ಯಜಮಾನ್ರೇ, ಇನ್ನೂ ಹಸಿ ಇದೆ? ನನ್ನ ಹೊಸ ಪೋಂಚೋಗೆ ಬಳಿಯೋ ಯೋಚನೇನಾ?"

"ಅಂಚು ಹಿಡಿದು ಹೊರು, ಮಾತು ಸಾಕು."

ಹಲಗೆ ಓಣಿ ದಾಟುವವರೆಗೂ ತಾತ ನೋಡುತ್ತಿದ್ದರು. ಆಮೇಲೆ ಬಣ್ಣದ ಕೈಯನ್ನೂ ಒರೆಸಿಕೊಳ್ಳದೆ ಪಟದ ಹಿಂದೆ ಕೈ ಹಾಕಿ ಆ ಕಾಗದ ತೆಗೆದರು. "ಬಸ್ ಹೊರಡೋ ಹೊತ್ತು. ಡ್ರೈವರ್ ಕೈಗೆ ಕೊಡು, ಅಯಾಕುಚೋ ಪಟ್ಟಣದಲ್ಲಿ ಪೋಸ್ಟಿಗೆ ಹಾಕ್ತಾನೆ."

ಇರ್ಮಾ ಓಡಿದಳು. ಬಸ್ಸಿನ ಇಂಜಿನ್ ಆಗಲೇ ಗುಡುಗುತ್ತಿತ್ತು. ಡ್ರೈವರ್ ಲಕೋಟೆಯ ಧೂಳನ್ನು ಊದಿ ನಕ್ಕ. "ಇದು ಯಾವ ಕಾಲದ ಕಾಗದ, ಮಗಳೇ?"

"ಇವತ್ತಿಂದೇ," ಎಂದಳು ಇರ್ಮಾ.

ಅವನು ಅದನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡ. ಬಸ್ಸು ಹೊರಟಿತು. ಲಕೋಟೆಯ ಮೂಲೆಯಲ್ಲಿ ತಾತನ ಹೆಬ್ಬೆರಳಿನ ಕೆಂಪು ಗುರುತು ಇನ್ನೂ ಹಸಿಯಾಗಿತ್ತು.